ಹಲ್ಲಿಲ್ಲದ ಧೂಳು

ನಮ್ಮ ಮನೆಗೂ ಬಾಜು ಅಕ್ಕೋರ ಮನೆಗೂ ನಡುವೆ ಒಂದೇ ಗೋಡೆ. ಮೇಲೆ ಮಾಳಿಗಿಯಲ್ಲಿ ಮೊಣಕಾಲೆತ್ತರದ ಒಂದು ಕಟ್ಟೆ, ಅಷ್ಟೇ ಗಡಿ. ಆ ಕಟ್ಟೆಯ ಮೇಲೆ ಶಿವರಾತ್ರಿ ಮುಗಿದ ಮರುದಿನದಿಂದ ಹಿಡಿದು ಜೂನಿನಲ್ಲಿ ಮಿರಗದ ಮಳೆ ಬೀಳುವ ತನಕ ಒಂದು ಬಿಳಿ ಪಿಂಗಾಣಿ ತಾಟು ಇರುತ್ತಿತ್ತು. ಅಂಚಿಗೆ ನೀಲಿ ಗೆರೆ, ಒಳಗೆ ಎರಡು ಬೆರಳು ನೀರು. ಸಂಜೆಗೊಮ್ಮೆ ಹೊಸ ನೀರು ಹಾಕುವುದು, ಮುಂಜಾನೆ ಎದ್ದು ತಾಟನ್ನು ಬೆಳಕಿಗೆ ಓರೆ ಹಿಡಿದು ನೋಡುವುದು, ನೋಡಿ ಓಣಿಗೆ ಚೆಲ್ಲುವುದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಗುಬ್ಬಿಗೆ ನೀರಿಡುತ್ತಾರೆ, ಪುಣ್ಯವಂತ ಹೆಣ್ಣುಮಗಳು ಅಂದುಕೊಂಡಿದ್ದೆ. ಒಂದು ದಿನ ನಿಜವಾಗಿಯೂ ಒಂದು ಗುಬ್ಬಿ ಬಂದು ತಾಟಿನ ಅಂಚಿಗೆ ಕೂತಿತು. ಅವರು ಸೆರಗು ಬೀಸಿ ಹುಶ್ ಅಂತ ಓಡಿಸಿದರು. ಆವಾಗ ನನ್ನ ತಿಳಿವಳಿಕೆ ತಪ್ಪು ಅಂತ ಗೊತ್ತಾಯಿತು.

ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಕುಂದಗೋಳದಿಂದ ಒಳಗೆ ಬರುವ ನಮ್ಮ ಎರಿಮಣ್ಣಿನ ಊರಿನಲ್ಲಿ ಅವರು ಮೂವತ್ತು ವರ್ಷದ ಮೇಲೆ ಭೂಗೋಳ ಕಲಿಸಿದರು. ನಮ್ಮ ಯಜಮಾನರೂ ಅವರ ಕೈಯಲ್ಲಿ ಕಲಿತವರೇ. ಈಗ ನಮ್ಮದೇ ಹಿಟ್ಟಿನ ಗಿರಣಿ, ಮೀಸೆ ಬೆಳ್ಳಗಾಗಿದೆ. ಆದರೂ ಅಕ್ಕೋರು ಜೋಳದ ಬುಟ್ಟಿ ತಂದರೆ ಗಿರಣಿ ಪಟ್ಟಾ ಬಂದ್ ಮಾಡಿ ಎದ್ದು ನಿಲ್ಲುತ್ತಿದ್ದರು. ಅಕ್ಕೋರು ಬೀಸಿದ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಕಣ್ಣು ಅರ್ಧ ಮುಚ್ಚಿ, ‘ಕಲ್ಲು ಕಚ್ಚಿಸಿಲ್ಲ ಈ ತಿಂಗಳ’ ಅನ್ನುತ್ತಿದ್ದರು. ಬೀಸುವ ಕಲ್ಲು ಸವೆದು ಹಿಟ್ಟು ದಪ್ಪಗಾಗಿದೆ ಅಂತ ಅರ್ಥ, ಅದು ಬರೋಬ್ಬರಿ ಇರುತ್ತಿತ್ತು. ಖಾರದ ಪುಡಿ, ಸೀರೆಯ ಸೆರಗು, ಗೋಡೆಯ ಸುಣ್ಣ, ಓಣಿಯ ಕೂಸುಗಳ ತಲೆಗೂದಲು, ಎಲ್ಲವನ್ನೂ ಆ ಎರಡು ಬೆರಳ ನಡುವೆ ಹಾಕಿಯೇ ಅವರಿಗೆ ತೃಪ್ತಿ. ಕಣ್ಣಿಗಿಂತ ಬೆರಳಿನ ಮೇಲೆ ನಂಬಿಕೆ ಜಾಸ್ತಿ.

ಅವರ ಮುಂದೆ ಯಾರೂ ‘ಆ ಕಡೆ’ ‘ಈ ಕಡೆ’ ಅನ್ನುವಂತಿರಲಿಲ್ಲ. ಹಾಲು ಹಾಕುವವನು ಎಮ್ಮೆ ಆ ಕಡೆ ಓಡಿತು ಅಂದರೆ, ಮೂಡಲೋ ಪಡುವಲೋ ಹೇಳಿ ಹಾಲು ಅಳೆ ಅನ್ನುವರು. ನನಗಂತೂ ಮೊದಲ ವರ್ಷ ಅವರ ಜೊತೆ ಮಾತಾಡಲಿಕ್ಕೇ ಹೆದರಿಕೆ. ಒಲೆಯ ಬಾಯಿ ಯಾವ ದಿಕ್ಕಿಗೆ ಅಂತ ಕೇಳಿದರೆ ನಾನು ದೇವರ ಜಗಲಿ ನೆನಪಿಸಿಕೊಂಡು ಲೆಕ್ಕ ಹಾಕಿ ಹೇಳುತ್ತಿದ್ದೆ. ಆಮೇಲೆ ಅದೇ ರೂಢಿಯಾಯಿತು. ಇವತ್ತಿಗೂ ಹೊರಗೆ ಕಾಲಿಟ್ಟರೆ ಮೊದಲು ಗಾಳಿ ಯಾವ ಕಡೆಯದು ಅಂತ ನನ್ನ ಕೆನ್ನೆ ತಾನೇ ಕೇಳುತ್ತದೆ.

ತಾಟಿನ ಗುಟ್ಟು ತಿಳಿದದ್ದು ಒಂದು ಬೇಸಿಗೆಯಲ್ಲಿ, ಶಾವಿಗಿ ಒಣ ಹಾಕಿದಾಗ. ಬಾಜು ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆದು ಎರಿಯ ಕರಿ ಧೂಳೆಲ್ಲ ನನ್ನ ಶಾವಿಗಿಯ ಮೇಲೆ ಬಂತು. ಆ ವರ್ಷ ಪೂರ್ತಿ ಶಾವಿಗಿ ಪಾಯಸ ಬಾಯಿಗಿಟ್ಟರೆ ಕಿರಕಿರಿ. ಹಬ್ಬದ ಊಟದಲ್ಲಿ ನಮ್ಮ ಮಾವ ಎದ್ದು ಹೋಗಿ ಉಗುಳಿ ಬಂದರು. ನಾನು ಅತ್ತುಕೊಂಡು ಹೇಳಿದ್ದಕ್ಕೆ ಅಕ್ಕೋರು ನಕ್ಕರು. ‘ನಮ್ಮೂರ ಧೂಳಿಗೆ ಹಲ್ಲು ಅದಾವು ತಂಗಿ. ಅದು ಕಡೀತೈತಿ. ದೂರದಿಂದ ಬರೂ ಧೂಳಿಗೆ ಹಲ್ಲಿರೂದಿಲ್ಲ’ ಅಂದರು.

ದೂರದ ಧೂಳು ಅಂದರೆ ಯಾವ ಊರಿನದು, ಗದಗದ್ದೇನ್ರಿ ಅಂತ ಕೇಳಿದೆ.

ಅದಕ್ಕೆ ಅವರು ನನ್ನನ್ನು ಒಳಗೆ ಕರೆದು ನಕಾಶೆ ಹಾಸಿ ಕೂಡ್ರಿಸಿದರು. ಬೇಸಿಗೆಯಲ್ಲಿ ಮರುಭೂಮಿ ಅಂದರೆ ಒಲೆಯ ಮೇಲಿನ ಹಂಚು ಇದ್ದಂತೆ, ಅದರ ಮೇಲಿನ ಗಾಳಿ ಕಾದು ಮೇಲೇರುತ್ತದೆ, ಆ ಜಾಗ ತುಂಬಲಿಕ್ಕೆ ನಾಲ್ಕೂ ಕಡೆಯಿಂದ ಗಾಳಿ ನುಗ್ಗುತ್ತದೆ, ನುಗ್ಗುವಾಗ ಉಸುಕು ಎಬ್ಬಿಸುತ್ತದೆ. ಇಷ್ಟು ಹೇಳಿ ನನ್ನ ಮುಖ ನೋಡಿದರು. ಅಷ್ಟು ಭಾರದ ಉಸುಕು ಸಮುದ್ರ ದಾಟಿ ನಮ್ಮ ಮಾಳಿಗಿ ಮಟ ಹೆಂಗ ಬರತೈತ್ರಿ ಅಂದೆ.

‘ನಿಮ್ಮ ಗಿರಣ್ಯಾಗ ನೋಡಿಲ್ಲೇನು? ರವಾ ಕಲ್ಲಿನ ಬುಡಕ ಬೀಳತೈತಿ. ಹಿಟ್ಟು ಡಬ್ಬಿಗಿ ಬೀಳತೈತಿ. ಅದಕ್ಕೂ ಸಣ್ಣಂದು ಎಲ್ಲಿ ಹೋಗತೈತಿ ಹೇಳು?’

‘ನಮ್ಮವರ ಹುಬ್ಬಿಗ್ರಿ’ ಅಂದೆ.

ಅವರು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ. ‘ಹುಬ್ಬಿಗಿ, ತೊಲಿಗಿ, ಮೂಲ್ಯಾಗಿನ ಜೇಡರ ಬಲಿಗಿ. ನಮ್ಮೂರು ಆ ಜೇಡರ ಬಲಿ ಅಂತ ತಿಳಕೊ’ ಅಂದರು. ದಪ್ಪ ಕಾಳು ಹುಟ್ಟಿದಲ್ಲೇ ಬೀಳುತ್ತದೆ. ಅದಕ್ಕಿಂತ ಸಣ್ಣದು ಸಮುದ್ರಕ್ಕೆ ಬೀಳುತ್ತದೆ. ಹಿಟ್ಟಿಗಿಂತ ನುಣುಪಾದದ್ದು ಮಾತ್ರ ಗುಡ್ಡದ ಮೇಲೆ ಗುಡ್ಡ ಇಟ್ಟಷ್ಟು ಎತ್ತರಕ್ಕೇರಿ, ಅಲ್ಲಿ ಬೀಸುವ ಗಾಳಿಯ ಬೆನ್ನು ಹತ್ತಿ ನಾಲ್ಕೈದು ದಿನ ನೀರಿನ ಮೇಲೆ ನಡೆದು ಬರುತ್ತದೆ. ಹೋಳಿ ಹುಣ್ಣಿವಿ ಹೊತ್ತಿಗೆ ಬಂದರೆ ಅದು ಬಡಗಲದ್ದು, ರಾಜಸ್ಥಾನದ ಕಡೆಯದು. ಮಿರಗಕ್ಕೆ ಮುಂಚೆ ಬರುವುದು ಪಡುವಲದ್ದು, ಅರಬ ದೇಶದ್ದು. ಮಳೆ ತರುವ ಗಾಳಿಯೇ ಮೊದಲು ಅದನ್ನು ದಬ್ಬಿಕೊಂಡು ಬರುತ್ತದೆ, ಆಮೇಲೆ ತಾನೇ ತೊಳೆದು ಹಾಕುತ್ತದೆ. ನಡುವೆ ಸಿಗುವುದು ಎರಡೋ ಮೂರೋ ದಿನ. ಕೆಲವು ವರ್ಷ ಅದೂ ಇಲ್ಲ.

ತಾಟಿನ ನೀರು ಕರ್ರಗಿದ್ದರೆ ನಮ್ಮ ಎರಿ, ಕೆಂಪಗಿದ್ದರೆ ಕಲಘಟಗಿ ಕಡೆಯ ಮಸಾರಿ ಮಣ್ಣು. ಕಡಲೆಹಿಟ್ಟು ಕದಡಿದಂತೆ ಹಳದಿ ಇದ್ದರೆ ಅವರು ಅದರಲ್ಲಿ ಬೆರಳದ್ದಿ ತಿಕ್ಕುತ್ತಾ ಬಹಳ ಹೊತ್ತು ಪಡುವಲಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ನಾನು ಅದನ್ನು ಸಾಲಿ ಕಲಿಸಿದವರ ಹುಚ್ಚು ಅಂತಲೇ ತಿಳಿದಿದ್ದೆ. ಒಬ್ಬೊಬ್ಬರಿಗೆ ಒಂದೊಂದು. ನನಗೆ ಸೋಮವಾರ ಶಿವನಿಗೆ ಏರಿಸುವ ಪತ್ರಿ ಎಣಿಸುವ ಹುಚ್ಚಿಲ್ಲವೇ?

ಅವರ ಎದೆಯಲ್ಲಿ ಮೊದಲಿನಿಂದ ಸಣ್ಣ ಪೀಪಿ ಊದಿದ ಸದ್ದು. ರಿಟೈರ್ ಆದ ಮೇಲೆ ಜಾಸ್ತಿಯಾಯಿತು. ಬಾಯಿಗೆ ಹಿಡಿದು ಒತ್ತುವ ಪಂಪು ಸೊಂಟದಲ್ಲಿ ಕೀಲಿಕೈ ಜೊತೆ ಇರುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು, ಧೂಳಿನಲ್ಲಿ ಹೊರಗೆ ಬರಬೇಡಿ, ಆಕಾಶ ಮಬ್ಬಾದ ದಿನ ಕಿಟಕಿ ಸಹಿತ ತೆರೆಯಬೇಡಿ ಅಂತ ಖಡಾಖಂಡಿತ ಹೇಳಿದ್ದರು. ಅದನ್ನು ನನಗೆ ಹೇಳಿದವರೂ ಅಕ್ಕೋರೇ. ಹಲ್ಲಿರುವ ಧೂಳು ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ, ಹಲ್ಲಿಲ್ಲದ್ದೇ ಕೆಟ್ಟದ್ದು, ಅದು ಯಾರನ್ನೂ ಕೇಳದೆ ಎದೆಯ ತಳಕ್ಕೆ ಇಳಿಯುತ್ತದೆ ಅಂದಿದ್ದರು. ಪಾಠ ಹೇಳಿದ ಹಾಗೆಯೇ ಹೇಳಿದರು, ಬೇರೆ ಯಾರದೋ ಎದೆಯ ಸುದ್ದಿ ಅನ್ನುವಂತೆ. ಮರುದಿನ ಮುಂಜಾನೆ ನೋಡಿದರೆ ಮತ್ತೆ ಮಾಳಿಗಿಯ ಮೇಲೆ.

ಅವರ ಗಂಡನ ವಿಷಯ ಊರಿಗೆ ಗೊತ್ತಿದ್ದದ್ದು ಒಂದೇ ಮಾತು. ದುಬೈ ಕಡೆ ಹೋಗಿ ಸತ್ತ. ನಮ್ಮೂರಿಗೆ ಅರಬರ ದೇಶವೆಲ್ಲ ದುಬೈಯೇ. ಅವರು ಆ ಮಾತು ತೆಗೆಯುತ್ತಿರಲಿಲ್ಲ, ನಾವು ಕೇಳುತ್ತಿರಲಿಲ್ಲ. ಅವರ ದೇವರ ಜಗಲಿಯ ಮೇಲೆ ಒಂದು ಬೆಳ್ಳಿ ಕರಡಿಗಿ ಇತ್ತು. ದಿನಾ ಅದನ್ನು ತೆಗೆದು ಅದರೊಳಗಿನ ಲಿಂಗಕ್ಕೆ ಪೂಜೆ ಮಾಡಿ ಮತ್ತೆ ಇಡುವುದನ್ನು ನಾನು ಕಂಡಿದ್ದೆ. ಅವರ ಲಿಂಗ ಅವರ ಕೊರಳಲ್ಲಿತ್ತು. ಇದು ಯಾರದು ಅಂತ ಕೇಳುವ ಧೈರ್ಯ ನನಗಾಗಿರಲಿಲ್ಲ.

ಹೋದ ವರ್ಷದ ಮಿರಗದ ಮಾತು. ಮಳೆ ತಡವಾಗಿತ್ತು. ಆಕಾಶದಲ್ಲಿ ಮೂರು ದಿನದಿಂದ ನೀಲಿ ಬಣ್ಣವೇ ಇಲ್ಲ. ನಡು ಮಧ್ಯಾಹ್ನದ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಹುದಿತ್ತು, ಒಣಗಿದ ಹೋಳಿಗೆಯ ಹಾಗೆ ಕಾಣುತ್ತಿದ್ದ. ಅಕ್ಕೋರು ತಮ್ಮ ಮೊಬೈಲಿನಲ್ಲಿ ಗಾಳಿಯ ನಕಾಶೆ ತೋರಿಸಿದ್ದರು. ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಗೆರೆಗಳು ಅರಬ ದೇಶದಿಂದ ಹೊರಟು ಸಮುದ್ರದ ಮೇಲೆ ಹಾದು ಸೀದಾ ನಮ್ಮ ಕಡೆ ಬರುತ್ತಿದ್ದವು. ‘ಎರಡು ವರ್ಷ ಬಂದಿದ್ದಿಲ್ಲ ತಂಗಿ. ಈ ಸರ್ತಿ ಬಂತು’ ಅಂದರು. ಜಾತ್ರೆಗೆ ಮಗಳು ಬರುತ್ತಾಳೆ ಅನ್ನುವವರ ಮುಖ ಇತ್ತು ಅವರದು. ಮರುದಿನದಿಂದಲೇ ಉಸಿರು ಕಟ್ಟಿ ಹಾಸಿಗೆ ಹಿಡಿದರು.

ಆ ಸರ್ತಿ ನನ್ನ ಶಂಡಿಗಿಯೂ ತಡ. ಮೈದುನನ ಲಗ್ನದಲ್ಲಿ ಬೇಸಿಗೆ ಹೋಗಿಬಿಟ್ಟಿತ್ತು. ಮಳೆ ಬರುವುದರೊಳಗೆ ಒಂದು ಪಡಿ ಅಕ್ಕಿಯದಾದರೂ ಆಗಲಿ ಅಂತ ನಸುಕಿನಲ್ಲೇ ಹಿಟ್ಟು ಕುದಿಸಿ, ಜೀರಿಗೆ ಹಾಕಿ, ಮಾಳಿಗಿಯ ಮೇಲೆ ಬಿಳಿ ಧೋತರ ಹಾಸಿ ಶಂಡಿಗಿ ಇಟ್ಟೆ. ಸಂಜೆ ಮುಂದೆ ಪಡುವಲದಲ್ಲಿ ಗುಡುಗು ಕೇಳಿ ಓಡಿ ಹೋದರೆ, ಬೆಳ್ಳಗೆ ಇಟ್ಟ ಶಂಡಿಗಿ ಎಲ್ಲ ಹಳದಿ! ಹಸಿ ಹಿಟ್ಟು ನೋಡಿ, ಬಿದ್ದ ಧೂಳನ್ನೆಲ್ಲ ಹಿಡಿದುಕೊಂಡು ಒಣಗಿಬಿಟ್ಟಿದೆ. ಹೊಟ್ಟೆ ಉರಿಯಿತು. ಅನ್ನ, ಚೆಲ್ಲುವ ಹಾಗಿಲ್ಲ. ಬಳಿದುಕೊಂಡು ಡಬ್ಬಿಗೆ ತುಂಬಿದೆ.

ಅದೇ ಸಿಟ್ಟಿನಲ್ಲಿ ಕಟ್ಟೆಯ ಮೇಲೆ ನೋಡಿದೆ. ಅಕ್ಕೋರ ತಾಟು ಮೂರು ದಿನದಿಂದ ಹಾಗೇ ಇದೆ. ನೀರು ರಾಡಿಯಾಗಿ ತಳದಲ್ಲಿ ಹಳದಿ ಗಸಿ ಕೂತಿದೆ. ಪಾಪ, ಹಾಸಿಗೆಯಲ್ಲಿದ್ದಾರೆ, ಮೇಲೆ ಬರಲಿಕ್ಕೆ ಆಗಿಲ್ಲ, ತಾಟು ಹೊಲಸಾಗಿ ಬಿದ್ದಿದೆ ಅಂತ ನನಗೆ ಕನಿಕರ ಬಂತು. ನೀರು ಚೆಲ್ಲಿ, ಬೂದಿ ಹಚ್ಚಿ ಗಸಗಸ ತಿಕ್ಕಿ, ಫಳಫಳ ಮಾಡಿ ಬೋರಲು ಹಾಕಿ ಇಳಿದು ಬಂದೆ. ಇಳಿಯುವುದಕ್ಕೂ ಮಿರಗ ಬೀಳುವುದಕ್ಕೂ ಸರಿಹೋಯಿತು. ಮೊದಲ ಹನಿಗಳು ಅಂಗಳದ ತುಳಸಿ ಎಲೆಯ ಮೇಲೆ ಹಳದಿ ಚುಕ್ಕೆ ಇಟ್ಟವು. ಆಮೇಲೆ ಬಂದ ಧಾರೆ ಅದನ್ನೂ ತೊಳೆಯಿತು. ಎರಿ ಹಸಿಯಾದ ವಾಸನೆ ಬಂತು. ಶಿವಾ, ತಡವಾದರೂ ಕೊಟ್ಟೆಯಲ್ಲ ಅಂತ ನಾನು ಒಳಗಿನಿಂದಲೇ ಕೈ ಮುಗಿದೆ.

ಮಳೆ ನಿಂತ ಮೇಲೆ ಗಂಜಿ ತೆಗೆದುಕೊಂಡು ಹೋದೆ. ಅಕ್ಕೋರು ಹಾಸಿಗೆಯಲ್ಲಿರಲಿಲ್ಲ. ಮಾಳಿಗಿಯ ಮೆಟ್ಟಿಲ ಮೇಲೆ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎದೆ ಪೀಪಿ ಊದುತ್ತಿತ್ತು.

‘ತಂಗಿ, ತಾಟ ಯಾರು ತೊಳದಾರ?’

‘ನಾನರಿ ಅಕ್ಕೋರ. ಹೊಲಸಾಗಿತ್ತರಿ. ಬೂದಿ ಹಚ್ಚಿ ತಿಕ್ಕೇನಿ.’

ಅವರು ತಾಟನ್ನು ಎರಡು ಬೆರಳಿನಿಂದ ಒಮ್ಮೆ ಸವರಿದರು. ಅಂಚಿನಿಂದ ಅಂಚಿಗೆ. ‘ಛಲೋ ಮಾಡಿದಿ’ ಅಂದರು. ಅಷ್ಟೇ. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ನಾಲ್ಕು ದಿನ ನಾನು ತಂದ ಗಂಜಿ ಕುಡಿದು ಮಲಗಿಬಿಡುತ್ತಿದ್ದರು. ಐದನೆಯ ದಿನ ಸೋಮವಾರ ನನ್ನನ್ನು ಕರೆಸಿ ಬಾಗಿಲು ಮುಂದೆ ಮಾಡಿ ಕರಡಿಗಿ ತಂದು ಮುಂದಿಟ್ಟರು. ಅವತ್ತು ಹೇಳಿದರು.

ಮದುವೆಯಾಗಿ ನಾಲ್ಕನೆಯ ವರ್ಷ ಗಂಡ ನೀರಿನ ಟ್ಯಾಂಕರ್ ಹೊಡೆಯುವ ಕೆಲಸಕ್ಕೆ ಅರಬ ದೇಶಕ್ಕೆ ಹೊರಟರು. ಹೊರಡುವ ದಿನ ಅವರ ತಾಯಿ, ಅಲ್ಲಿನ ಬೆವರಿಗೆ ದಾರ ಹರಿದು ಲಿಂಗ ಎಲ್ಲಿಯೋ ಉಸುಕಿನಲ್ಲಿ ಬಿದ್ದೀತು, ಮನೆಯಲ್ಲಿರಲಿ, ನಾನು ಪೂಜೆ ಮಾಡುತ್ತೇನೆ ಅಂತ ತಾವೇ ಮಗನ ಕೊರಳಿನಿಂದ ಲಿಂಗ ತೆಗೆದರು. ಇದನ್ನು ಕೇಳಿ ನನ್ನ ಕೈ ತಾನಾಗಿ ನನ್ನ ಕೊರಳಿಗೆ ಹೋಯಿತು. ನಮ್ಮಲ್ಲಿ ಪ್ರಾಣ ಇರುವ ತನಕ ಲಿಂಗ ಮೈ ಬಿಡುವಂತಿಲ್ಲ. ಹೋದ ಮೇಲೂ ಬಿಡುವುದಿಲ್ಲ. ನಾವು ಸುಡುವವರಲ್ಲ. ಕುಣಿಯೊಳಗೆ ಕೂಡ್ರಿಸಿ, ಅವರ ಲಿಂಗ ಅವರ ಅಂಗೈಯಲ್ಲಿಟ್ಟು, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುತ್ತೇವೆ. ಎರಡು ವರ್ಷದ ಮೇಲೆ ಧೂಳಿನ ಬಿರುಗಾಳಿಯಲ್ಲಿ ದಾರಿ ಕಾಣದೆ ಟ್ಯಾಂಕರಿಗೆ ಲಾರಿ ಹಾಯ್ದು ಅವರು ಅಲ್ಲೇ ತೀರಿದರು. ಕಾಗದ ಬಂತು, ಹೆಣ ಬರಲಿಲ್ಲ. ಅಲ್ಲಿಯೇ ಯಾರೋ ಹುಗಿದರು. ಲಿಂಗ ಇಲ್ಲದ ಮೈ ಅಲ್ಲಿ ಉಸುಕಿನಲ್ಲಿ, ಮೈ ಇಲ್ಲದ ಲಿಂಗ ಇಲ್ಲಿ ಜಗಲಿಯ ಮೇಲೆ. ಅತ್ತೆ ಮಾತ್ರ, ಮಣ್ಣು ಕೊಡದ ಹೊರತು ನನ್ನ ಮಗ ಸತ್ತಿಲ್ಲ, ಬಳಿ ಒಡೆದರೆ ನೋಡು ಅಂತ ತಾವು ಸಾಯುವ ತನಕ ಸೊಸೆಗೆ ಕುಂಕುಮ ಹಚ್ಚಿಸಿದರು.

‘ಇಷ್ಟು ವರ್ಷ ಆ ಧೂಳ ಬರೇ ನೋಡೂದ ಸಾಕಾಗಿತ್ತು’ ಅಂದರು ಅಕ್ಕೋರು. ‘ನನಗ ಹೋಗಾಕ ಆಗಲಿಲ್ಲ, ಅದಾರ ಬರತೈತಿ ಅಂತ. ಈಗ ಸಾಲೂದಿಲ್ಲ. ನನ್ನ ಜೋಡಿ ಅವರ ಲಿಂಗಾ ಕುಣ್ಯಾಗ ಇಡಸಬೇಕು. ಬರೇ ಲಿಂಗಾ ಇಟ್ಟರ ಕಲ್ಲು ಹುಗದಂಗ. ಅದರ ಮ್ಯಾಲ ಆ ಕಡೀ ಮಣ್ಣು ಒಂದು ಚಿಟಿಕಿ ಬೀಳಬೇಕು. ಅದಕ್ಕ ಮೂರು ದಿನ ತಾಟಿಗಿ ಕೈ ಹಚ್ಚಿದ್ದಿಲ್ಲ, ಗಸಿ ಕೂಡ್ರಲಿ ಅಂತ.’

‘ಆ ಕಡೆ’ ಅಂದರು ಅವರು. ದಿಕ್ಕಿನ ಹೆಸರಿಲ್ಲದೆ. ನಾನು ಕೇಳಿದ್ದು ಅದೊಂದೇ ಸಲ.

ಅದು ಅವರ ಯಜಮಾನರನ್ನು ಹುಗಿದ ನೆಲದ್ದೇ ಅಂತ ಹೇಗೆ ಗೊತ್ತು ಅಂತ ನನ್ನ ಬಾಯಿಂದ ಬಂತು. ಕೇಳಬಾರದಿತ್ತು. ಅವರು ಭೂಗೋಳದ ಅಕ್ಕೋರು, ಸುಳ್ಳು ಹೇಳಲಿಲ್ಲ. ‘ಅಲ್ಲೀದ ಅಂತ ಆಣಿ ಮಾಡಂಗಿಲ್ಲ. ಪಡುವಲದ್ದು, ದೂರದ್ದು, ಅಷ್ಟ ಹೇಳಬಲ್ಲೆ. ಅಷ್ಟ ಸಾಕು ನನಗ’ ಅಂದರು.

ಮುಂದಿನ ಮಿರಗಕ್ಕೆ ನಾನೇ ಹಿಡಿದು ಕೊಡುತ್ತೇನೆ, ನಾಲ್ಕು ತಾಟು ಇಡುತ್ತೇನೆ ಅಂದೆ. ನೀವು ಇರುತ್ತೀರಿ, ಶಿವ ಇದ್ದಾನೆ ಅಂದೆ.

‘ಶಿವ ಅದಾನ ಖರೆ. ನನ್ನ ಪುಪ್ಪುಸ ಇಲ್ಲಲ್ಲ’ ಅಂದರು.

ಆ ಉಬ್ಬಸ ಬಿಡಲಿಲ್ಲ. ಶ್ರಾವಣ ಬಂತು, ದೀಪಾವಳಿ ಬಂತು, ಕಡಲೆ ಕೀಳುವ ಹೊತ್ತು ಬಂತು. ನಾನು ದಿನಾ ಎರಡು ಹೊತ್ತು ಹೋಗಿ ಬರುತ್ತಿದ್ದೆ. ಬಿಸಿನೀರು, ಗಂಜಿ, ಬೆನ್ನಿಗೆ ಎಣ್ಣೆ. ಅವರು ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳಲಿಲ್ಲ. ಅದೊಂದು ದೇವರ ದಯೆ. ಆದರೆ ಬೆನ್ನು ತಿಕ್ಕುವಾಗ ನನ್ನ ಕೈಗೆ ಆ ತಾಟಿನ ನುಣುಪೇ ನೆನಪಾಗುತ್ತಿತ್ತು. ಅಷ್ಟು ತಿಂಗಳು ಅದನ್ನೇ ಕೊರಗಿದರೂ ನನ್ನ ಅಟ್ಟದ ಮೇಲಿನ ಡಬ್ಬಿಯ ನೆನಪು ಒಂದು ದಿನ ಬರಲಿಲ್ಲ ನೋಡಿ. ತಾಟಿನಲ್ಲಿ ಬಿದ್ದದ್ದು ಅಕ್ಕೋರ ಮಣ್ಣು, ಶಂಡಿಗಿಯ ಮೇಲೆ ಬಿದ್ದದ್ದು ಹೊಲಸು. ಎರಡೂ ಒಂದೇ ಗಾಳಿ ತಂದದ್ದು ಅನ್ನುವುದು ಈ ತಲೆಗೆ ಹೊಳೆಯಲೇ ಇಲ್ಲ.

ಈ ವರ್ಷ ಶಿವರಾತ್ರಿ ಇನ್ನೂ ಎಂಟು ದಿನ ಇರುವಾಗ, ಬೆಳಗಿನ ಜಾವ ಹೋದರು. ದಿಂಬಿಗೆ ಆನಿಕೊಂಡು ಕೂತೇ ಇದ್ದರು. ಬಹಳ ಒದ್ದಾಡಲಿಲ್ಲ. ಪಂಪು ಕೈಯಲ್ಲೇ ಇತ್ತು, ಅದರಲ್ಲಿ ಇನ್ನೂ ಔಷಧ ಇತ್ತು. ಕೂತು ಹೋದವರನ್ನು ಕುಣಿಯಲ್ಲಿ ಕೂಡ್ರಿಸುವುದು ಸುಲಭ ಅಂದರು ಹಿರಿಯರು. ಅದನ್ನೂ ನಾನು ದಯೆಯ ಲೆಕ್ಕಕ್ಕೇ ಹಾಕಿಕೊಂಡೆ. ಬೇರೇನು ಇತ್ತು ಹಾಕಿಕೊಳ್ಳಲಿಕ್ಕೆ?

ಅಣ್ಣಿಗೇರಿಯಿಂದ ಅವರ ಮೈದುನ ಬಂದರು. ಮೈ ತೊಳೆಯಲಿಕ್ಕೆ ದೊಡ್ಡ ಹಂಡೆ ಬೇಕು ಅಂತ ನಾನು ನಮ್ಮ ಅಟ್ಟ ಹತ್ತಿದೆ. ಹಂಡೆ ಎಳೆಯುವಾಗ ಬಾಜುವಿನ ಡಬ್ಬಿ ಉರುಳಿ ಮುಚ್ಚಳ ಬಿಚ್ಚಿತು. ಹಳದಿ ಶಂಡಿಗಿ ಅಟ್ಟದ ತುಂಬ ಚೆಲ್ಲಿದವು. ಸಾವಿನ ಮನೆಯ ಕೆಲಸ ಬಿಟ್ಟು ನಾನು ಅಲ್ಲೇ ಕೂತುಬಿಟ್ಟೆ. ಅದೇ ದಿನ. ಅದೇ ಮಾಳಿಗಿ. ತಾಟಿನಿಂದ ನಾಲ್ಕು ಮಾರು ದೂರ.

ಎರಡು ಶಂಡಿಗಿ ತೆಗೆದುಕೊಂಡು ಒಂದಕ್ಕೊಂದು ತಿಕ್ಕಿದೆ. ಹಳದಿ ಪುಡಿ ಉದುರಿತು. ಅದರ ಜೊತೆ ಬಿಳಿ ಹಿಟ್ಟೂ ಉದುರಿತು. ಬೇರೆ ಮಾಡಲಿಕ್ಕೆ ಬರುವಂಥದ್ದಲ್ಲ. ಮೂವತ್ತು ನಲವತ್ತು ಶಂಡಿಗಿ ತಿಕ್ಕಿರಬೇಕು. ಕೆಳಗಿನಿಂದ ಯಾರೋ, ಹಂಡೆ ತರಾಕ ಹೋಗೀಯೋ ಮಾಡಾಕ ಹೋಗೀಯೋ ಯವ್ವಾ ಅಂತ ಕೂಗಿದರು. ಒಂದು ಚಿಟಿಕೆಯಷ್ಟು ಆಯಿತು. ದೇವರ ಕೋಣೆಯ ವಿಭೂತಿ ಕಾಗದದಲ್ಲಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನಮ್ಮೂರಲ್ಲಿ ಹೆಣ್ಣುಮಕ್ಕಳೂ ಕುಣಿಯ ತನಕ ಹೋಗುತ್ತೇವೆ. ಮಣ್ಣಿನ ಕಾರ್ಯ ಮಾಡಿಸುವ ಅಯ್ಯನವರು ಚಿಕ್ಕ ವಯಸ್ಸಿನವರು, ಅವರೂ ಅಕ್ಕೋರ ಕೈಯಲ್ಲೇ ಕಲಿತವರು. ಅಕ್ಕೋರನ್ನು ಕೂಡ್ರಿಸಿ ಅವರ ಲಿಂಗ ಅವರ ಎಡ ಅಂಗೈಯಲ್ಲಿಟ್ಟರು. ಆಗ ನಾನು ಅವರ ಜಗಲಿಯಿಂದ ತಂದಿದ್ದ ಕರಡಿಗಿ ಮುಂದೆ ಹಿಡಿದೆ, ಇದನ್ನೂ ಇಡಬೇಕು, ಅಕ್ಕೋರು ಹೇಳಿದ್ದಾರೆ ಅಂದೆ.

ಮೈದುನ ಅಡ್ಡ ಬಂದರು. ಕೆಟ್ಟ ಮನುಷ್ಯ ಅಲ್ಲ, ರೀತಿಯ ಮಾತು ಆಡಿದರು. ‘ಒಂದ ಕುಣ್ಯಾಗ ಎರಡು ಲಿಂಗ ಇಡತಾರೇನು? ಅಣ್ಣ ಎಲ್ಲೋ ಮಣ್ಣಾದ. ಇಲ್ಲೆ ಬರೇ ಲಿಂಗಾ ಹುಗದು ಏನು ಮಾಡೂದು? ಮಠಕ್ಕ ಕೊಟ್ಟುಬಿಡೂಣು.’

‘ಬರೇ ಲಿಂಗ ಅಲ್ಲರಿ. ಅವರ ಮಣ್ಣು ತಂದೇನಿ’ ಅಂದೆ. ಅಷ್ಟು ಮಂದಿ ಗಂಡಸರ ನಡುವೆ ನಾನು ಮಾತಾಡಿದ್ದು ಅದೇ ಮೊದಲು. ನಮ್ಮ ಯಜಮಾನರು ಹಿಂದಿನಿಂದ ನನ್ನ ಸೆರಗು ಜಗ್ಗಿ ಬಿಟ್ಟರು.

‘ಅಣ್ಣನ ಮಣ್ಣು? ಎಲ್ಲಿಂದ ತಂದಿ ತಂಗಿ, ಟಪಾಲಿನಾಗ ಬಂತೇನು?’

ಕುಣಿ ತೋಡಿದವರಲ್ಲಿ ಒಬ್ಬ ಕಿಸಕ್ಕೆಂದ. ನಾನು ಕಾಗದ ಬಿಚ್ಚಿದೆ. ಗಾಳಿಗೆ ಅರ್ಧ ಹಾರಿ ಹೋದೀತು ಅಂತ ಇನ್ನೊಂದು ಕೈ ಅಡ್ಡ ಹಿಡಿದೆ.

ಅಯ್ಯನವರು ಕೇಳಿದರು, ‘ಪಡುವಲದ್ದೇನ್ರಿ?’

‘ಹೌದ್ರಿ. ಹ್ವಾದ ಮಿರಗದ್ದು.’

ಅವರು ಬಗ್ಗಿ ಒಂದಿಷ್ಟು ಪುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರು, ಕಣ್ಣು ಅರ್ಧ ಮುಚ್ಚಿ. ಅಕ್ಕಿಹಿಟ್ಟು ಅವರ ಬೆರಳಿಗೆ ತಿಳಿಯದೆ ಇದ್ದೀತೇ? ಅವರು ನನ್ನ ಮುಖ ನೋಡಿದರು. ಮೈದುನನ ಕಡೆ ತಿರುಗಿ, ‘ಒಂಬತ್ತನೇ ಇಯತ್ತೆ ಒಳಗ ಇದನ್ನ ನಮಗ ಬೋರ್ಡಿನ ಮ್ಯಾಲ ಬರದು ಕಲಿಸ್ಯಾರ್ರಿ ಅಕ್ಕೋರು. ಬರತೈತಿ ಅದು. ಇಡೂಣ್ರಿ’ ಅಂದರು.

ಆ ಲಿಂಗವನ್ನು ಅಕ್ಕೋರ ಉಡಿಯಲ್ಲಿಟ್ಟರು. ಚಿಟಿಕೆ ಹಾಕು ಅಂತ ನನಗೇ ಹೇಳಿದರು. ನಾನು ಕುಣಿಯ ಅಂಚಿಗೆ ಮೊಣಕಾಲೂರಿ ಹಾಕಿದೆ. ಮೈದುನ ಬಾಗಿ ಒಂದು ಹಿಡಿ ಎರಿ ತೆಗೆದುಕೊಂಡು, ‘ವೈನಿಗೆ’ ಅಂತ ಅತ್ತಿಗೆಗೆ ಹಾಕಿದರು. ಇನ್ನೊಂದು ಹಿಡಿ ತೆಗೆದುಕೊಂಡರು. ಕೈ ಮಾತ್ರ ಬಹಳ ಹೊತ್ತು ಬಿಚ್ಚಲಿಲ್ಲ.

ಮನೆಗೆ ಬಂದು ತಲೆ ಮೇಲೆ ನೀರು ಹಾಕಿಕೊಂಡೆ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಸುಳ್ಳು ಹೇಳಿದೆನೇ ಶಿವಾ ಅಂತ ಒಂದೇ ಕೊರೆತ. ಅದರಲ್ಲಿ ಅರ್ಧ ನನ್ನ ಮನೆಯ ಅಕ್ಕಿ. ಉಳಿದರ್ಧವಾದರೂ ಪಡುವಲದ್ದು ಅಂತ ಯಾವ ಧೈರ್ಯ? ಆ ದಿನ ಓಣಿಯಲ್ಲಿ ಟ್ರ್ಯಾಕ್ಟರ್ ಹಾಯ್ದಿರಬಹುದು. ಯಾವುದೋ ಮನೆಯ ಗೋಡೆ ಕೆಡವಿರಬಹುದು. ಸತ್ತವರ ಉಡಿಯಲ್ಲಿ ನಾನು ಏನು ಹಾಕಿ ಬಂದೆ? ಹೇಳಬಲ್ಲವರು ಒಬ್ಬರೇ, ಅವರ ಮೇಲೆ ನಾವು ಊರೆಲ್ಲ ಸೇರಿ ಮಣ್ಣು ಹಾಕಿ ಬಂದಿದ್ದೆವು.

ಅವರ ಕಾರ್ಯ ಎಲ್ಲ ಮುಗಿಯುವ ತನಕ ನಾನು ಒಲೆಯ ಮೇಲೆ ಎಣ್ಣೆ ಇಡಲಿಲ್ಲ. ಮುಗಿದ ಮರುದಿನ ಮಧ್ಯಾಹ್ನ ಅಟ್ಟದಿಂದ ಡಬ್ಬಿ ಇಳಿಸಿ, ತಿಕ್ಕದೆ ಉಳಿದಿದ್ದವುಗಳಲ್ಲಿ ನಾಲ್ಕು ಶಂಡಿಗಿ ಕರಿದೆ. ಹಳದಿಯಾಗಿಯೇ ಅರಳಿದವು. ಯಜಮಾನರ ತಾಟಿಗೆ ಎರಡು ಹಾಕಿದೆ.

‘ಇವು ಹೊಲಸಾಗಿದ್ದಾವಲ್ಲ?’ ಅಂದರು.

‘ತಿಂದು ನೋಡ್ರಿ. ಸಾವಕಾಶ ತಿನ್ರಿ.’

ಅವರು ನನ್ನ ಮುಖ ನೋಡಿದರು. ಕುಣಿಯ ಹತ್ತಿರದ್ದೆಲ್ಲ ಅವರಿಗೆ ನೆನಪಿತ್ತು ಅಂತ ಕಾಣುತ್ತದೆ. ಮುರಿದು ಬಾಯಿಗಿಟ್ಟರು. ಗಿರಣಿಯವರು ಹಿಟ್ಟಿನ ರುಚಿ ನೋಡುವ ಹಾಗೆ ಮುಂದಿನ ಹಲ್ಲಿನಿಂದ ಅಗಿದರು, ನಿಲ್ಲಿಸಿದರು, ಮತ್ತೆ ಅಗಿದರು.

‘ಕಿರಕಿರಿ ಅಂತೈತೇನ್ರಿ?’

‘ಇಲ್ಲ.’

ನಂಬಿಕೆ ಬರದೆ ನಾನೂ ಒಂದು ತೆಗೆದುಕೊಂಡೆ. ಜಗಲಿಯ ಮುಂದೆ ಕೂತು, ಕಣ್ಣು ಮುಚ್ಚಿ, ಚೂರು ಚೂರಾಗಿ ಅಗಿದೆ. ಅಕ್ಕಿ, ಜೀರಿಗೆ, ಉಪ್ಪು. ಹಲ್ಲಿಗೆ ಬೇರೇನೂ ಹತ್ತಲಿಲ್ಲ.